ಬೆನ್ನಿಗೆ ಹೊರುವ ಆಮ್ಲಜನಕ ಯಂತ್ರಕ್ಕೆ ಪೆಟ್ಟು ತಡೆಯುವ ಚೌಕಟ್ಟು: ರಬ್ಬರ್ ಗಟ್ಟಿ ಇರಬೇಕೋ, ಮೆತ್ತಗಿರಬೇಕೋ?

ತಾರಿಹಾಳ ಫಿಟ್ಟರ್ (ಹುಬ್ಬಳ್ಳಿ) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ತಗಡಿನ ಕೆಲಸ ಮಾಡುವವನು. ನಮ್ಮ ತಂದೆಯವರು ಗದಗಿನಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಆ ಧೂಳು ಎದೆಗೆ ಇಳಿದದ್ದು ಈಗ ಗೊತ್ತಾಗುತ್ತಿದೆ. ವೈದ್ಯರ ಸಲಹೆಯಂತೆ ಒಂದು ವರ್ಷದಿಂದ ಅವರು ಹೊರಗೆ ಹೋಗುವಾಗ ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಬಳಸುತ್ತಾರೆ. ಬ್ಯಾಟರಿ ಸೇರಿ ಅದರ ತೂಕ 2.2 ಕಿಲೋ.

ಹೋದ ತಿಂಗಳು ಧಾರವಾಡದಿಂದ ಮರಳುವಾಗ ಚಿಗರಿ ಬಸ್ಸಿನಿಂದ ಇಳಿಯುವ ಹೊತ್ತಿನಲ್ಲಿ ಬ್ಯಾಗು ಬಾಗಿಲ ಪಕ್ಕದ ಉಕ್ಕಿನ ಕಂಬಕ್ಕೆ ಬಡಿಯಿತು. ಯಂತ್ರ ಒಮ್ಮೆ ಕೂಗಿ ನಿಂತೇ ಹೋಯಿತು. ನಾನು ಗುಂಡಿ ಒತ್ತಿ ಒತ್ತಿ ಅದು ಮತ್ತೆ ಶುರುವಾಗುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಅಷ್ಟೂ ಹೊತ್ತು ತಂದೆಯವರು ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಮಾತನಾಡಲಿಲ್ಲ. ಮಾರಿದವರನ್ನು ಕೇಳಿದರೆ, ಜೊತೆಗೆ ಬಂದ ಬ್ಯಾಗ್ ಬಿಟ್ಟು ಬೇರೆ ಯಾವ ವ್ಯವಸ್ಥೆಯೂ ತಮ್ಮಲ್ಲಿಲ್ಲ ಎಂದರು.

ಆದ್ದರಿಂದ ನಾನೇ 2 ಮಿ.ಮೀ. ಅಲ್ಯೂಮಿನಿಯಂ ತಗಡಿನಿಂದ ಬೆನ್ನಿಗೆ ಹೊರುವ ಒಂದು ತೊಟ್ಟಿಲು ಮಾಡಿದೆ. ಯಂತ್ರದ ಬೆನ್ನಿಗೂ ತಗಡಿಗೂ ನಡುವೆ ನಾಲ್ಕು ಮೂಲೆಗಳಲ್ಲಿ 20 ಮಿ.ಮೀ. ಚೌಕದ, 10 ಮಿ.ಮೀ. ದಪ್ಪದ, ಮಧ್ಯಮ ಗಟ್ಟಿಯ ರಬ್ಬರ್ ತುಂಡುಗಳನ್ನಿಟ್ಟು, ಮೇಲಿನಿಂದ ಪಟ್ಟಿ ಬಿಗಿದೆ. ಇಷ್ಟು ಮಾಡಿದ ಮೇಲೂ ತೊಂದರೆ ಕಡಿಮೆಯಾಗಲಿಲ್ಲ, ಹೆಚ್ಚಾಗಿದೆ. ಮೊದಲು ಅಪರೂಪಕ್ಕೆ ಬರುತ್ತಿದ್ದ ಎಚ್ಚರಿಕೆಯ ಸದ್ದು ಈಗ ಒಂದೇ ವಾರದಲ್ಲಿ ಎರಡು ಸಲ ಬಂತು. ಫೋನನ್ನು ತೊಟ್ಟಿಲಿಗೆ ಕಟ್ಟಿ ಅಳೆದು ನೋಡಿದೆ. ನವನಗರದ ಒಳರಸ್ತೆಯ ತಗ್ಗುಗಳಲ್ಲಿ ಸ್ಕೂಟರ್ ಓಡಿಸಿದಾಗಲೂ 3 ಜಿ (ಭೂಮಿಯ ಗುರುತ್ವದ ಮೂರು ಪಟ್ಟು) ದಾಟಲಿಲ್ಲ. ಇಷ್ಟು ಸಣ್ಣ ಪೆಟ್ಟು ಬಿದ್ದರೆ ಯಂತ್ರ ನಿಲ್ಲಬಾರದಲ್ಲವೇ?

ರಬ್ಬರನ್ನು ಇನ್ನೂ ಗಟ್ಟಿ ಮಾಡಬೇಕೋ, ಮೆತ್ತಗೆ ಮಾಡಬೇಕೋ, ಎಷ್ಟು ದಪ್ಪ ಇರಬೇಕು, ನಮ್ಮ ಏಪ್ರಿಲ್ ಬಿಸಿಲಿಗೆ ಯಾವ ರಬ್ಬರ್ ತಡೆಯುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಕಂಪನದ ಮೇಷ್ಟ್ರು (ಧಾರವಾಡ) ಉತ್ತರಿಸಿದ್ದಾರೆ:

ತಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಯಂತ್ರಗಳ ಕಂಪನದ ವಿಷಯವನ್ನು ಬಹಳ ವರ್ಷ ಪಾಠ ಮಾಡಿದವನು. ತಮಗೆ ಆಗಿರುವುದು ಈ ವಿಷಯದಲ್ಲಿ ಎಲ್ಲರೂ ಮೊದಲು ಬೀಳುವ ಹಳ್ಳ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಫೋನಿನ ಅಳತೆಯನ್ನು ಬದಿಗಿಡಿ. ಸಾಮಾನ್ಯ ಆ್ಯಪ್‌ಗಳಲ್ಲಿ ಫೋನು ಸೆಕೆಂಡಿಗೆ ಸುಮಾರು 100 ಸಲ ಓದುತ್ತದೆ, ಅಂದರೆ 10 ಮಿಲಿಸೆಕೆಂಡಿಗೆ ಒಂದು ಓದು. ಕಂಬಕ್ಕೆ ಬಡಿದ ಪೆಟ್ಟು ಹತ್ತು ಹನ್ನೊಂದು ಮಿಲಿಸೆಕೆಂಡಿನಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗ, ಮುಗಿದೇ ಹೋಗುತ್ತದೆ. ಎರಡು ಓದುಗಳ ನಡುವೆ ಆ ಪೆಟ್ಟು ಬಂದು ಹೋದರೆ ಫೋನಿಗೆ ಅದರ ಸುಳಿವೇ ಸಿಗುವುದಿಲ್ಲ. ತಮಗೆ ಸಿಕ್ಕ 3 ಜಿ ರಸ್ತೆಯ ನಿಧಾನದ ಎತ್ತಾಟದ ಲೆಕ್ಕ, ಯಂತ್ರಕ್ಕೆ ತಾಗಿದ ಪೆಟ್ಟಿನದಲ್ಲ.

ಪೆಟ್ಟಿನ ಲೆಕ್ಕವನ್ನು ಕಾಗದದ ಮೇಲೆ ಹಾಕುವುದೇ ವಾಸಿ. ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಎಂದಿಟ್ಟುಕೊಳ್ಳಿ. ಆ ವೇಗದಲ್ಲಿ ಬಂದ ಯಂತ್ರ 3 ಮಿ.ಮೀ. ಅಂತರದೊಳಗೆ ನಿಲ್ಲಬೇಕಾದರೆ ಸರಾಸರಿ 24 ಜಿ ತಿನ್ನಬೇಕು. ಅದೇ ಯಂತ್ರಕ್ಕೆ ನಿಲ್ಲಲು 15 ಮಿ.ಮೀ. ದೂರ ಕೊಟ್ಟರೆ ಸರಾಸರಿ 5 ಜಿ ಆಗುತ್ತದೆ. ಸ್ಪ್ರಿಂಗಿನಂತೆ ವರ್ತಿಸುವ ರಬ್ಬರಿನಲ್ಲಿ ಗರಿಷ್ಠ ಪೆಟ್ಟು ಸರಾಸರಿಯ ಎರಡು ಪಟ್ಟು ಇರುತ್ತದೆ, ಆದ್ದರಿಂದ 10 ಜಿ ಎನ್ನಿ. ಗಟ್ಟಿ, ಮೆತ್ತಗೆ ಎನ್ನುವುದಕ್ಕಿಂತ ಯಂತ್ರ ಸರಿದಾಡಲು ಎಷ್ಟು ಜಾಗ ಬಿಟ್ಟಿದ್ದೀರಿ ಎನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ತಮ್ಮ 10 ಮಿ.ಮೀ. ರಬ್ಬರ್ ಪಟ್ಟಿಯಿಂದ ಬಿಗಿಯಲ್ಪಟ್ಟ ಮೇಲೆ ಇನ್ನು ಒಂದೆರಡು ಮಿ.ಮೀ. ಕುಗ್ಗಿದರೆ ಹೆಚ್ಚು.

ತೊಂದರೆ ಹೆಚ್ಚಾದದ್ದು ಏಕೆ ಎಂಬುದು ಇನ್ನೂ ಗಮನಿಸಬೇಕಾದ ಸಂಗತಿ. ರಬ್ಬರಿನ ಮೇಲೆ ಕುಳಿತ ಯಾವ ತೂಕಕ್ಕೂ ಒಂದು ಸಹಜ ಆವೃತ್ತಿ ಇರುತ್ತದೆ, ತಟ್ಟಿ ಬಿಟ್ಟರೆ ಅದು ಸೆಕೆಂಡಿಗೆ ಅಷ್ಟು ಸಲ ಆಡುತ್ತದೆ. ತಮ್ಮ ನಾಲ್ಕು ತುಂಡುಗಳ ಅಳತೆ, ಯಂತ್ರದ ತೂಕ ಹಿಡಿದು ಲೆಕ್ಕ ಹಾಕಿದರೆ ಅದು ಸುಮಾರು 75ರಿಂದ 80 ಹರ್ಟ್ಸ್ ಬರುತ್ತದೆ. ಪ್ರಯೋಗಶಾಲೆಗಳಲ್ಲಿ ಐಇಸಿ 60068-2-27 ಎಂಬ ಮಾನದಂಡದಂತೆ ಉಪಕರಣಗಳಿಗೆ ಪೆಟ್ಟು ಕೊಟ್ಟು ನೋಡುವಾಗ 11 ಮಿಲಿಸೆಕೆಂಡಿನ, ಗುಡ್ಡದಂತೆ ಏರಿ ಇಳಿಯುವ ಅರ್ಧ ಸೈನ್ ಪೆಟ್ಟನ್ನು ಬಹಳವಾಗಿ ಬಳಸುತ್ತಾರೆ. ಅಂಥ ಪೆಟ್ಟನ್ನು ಅತಿ ಹೆಚ್ಚು ಹಿಗ್ಗಿಸುವ ಆವೃತ್ತಿ ಯಾವುದೆಂದು ಹುಡುಕಿದರೆ ಸುಮಾರು 73 ಹರ್ಟ್ಸ್! ಅಲ್ಲಿ 20 ಜಿ ಪೆಟ್ಟು ಒಳಗೆ 35 ಜಿ ಆಗಿ ತಲುಪುತ್ತದೆ. ಅಂದರೆ ತಮ್ಮ ರಬ್ಬರ್ ಇಲ್ಲದೆ ಯಂತ್ರವನ್ನು ನೇರವಾಗಿ ತಗಡಿಗೆ ಬೋಲ್ಟ್ ಹಾಕಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ತಾವು ಶ್ರದ್ಧೆಯಿಂದಲೇ ಮಾಡಿದ್ದೀರಿ, ಆದರೆ ರಬ್ಬರ್ ಎಂದ ಮಾತ್ರಕ್ಕೆ ಪೆಟ್ಟು ತಗ್ಗುತ್ತದೆ ಎಂಬ ನಂಬಿಕೆ ಕೈಕೊಟ್ಟಿದೆ.

ಪೆಟ್ಟು ನಿಜವಾಗಿ ತಗ್ಗಬೇಕಾದರೆ ಸಹಜ ಆವೃತ್ತಿ 20 ಹರ್ಟ್ಸ್‌ಗಿಂತ ಕೆಳಗೆ ಬರಬೇಕು. ಹಾಗೆಂದು ತೀರಾ ಕೆಳಗಿಳಿಸಿದರೆ ಬೇರೊಂದು ತೊಡಕು ಹುಟ್ಟುತ್ತದೆ. ನಡಿಗೆ ಸೆಕೆಂಡಿಗೆ ಸುಮಾರು 2 ಹೆಜ್ಜೆ, ಕುಳಿತ ಮನುಷ್ಯನ ದೇಹ ತಾನೇ 4ರಿಂದ 8 ಹರ್ಟ್ಸ್ ನಡುವೆ ಹೆಚ್ಚು ಕುಣಿಯುತ್ತದೆ. ಆ ಹತ್ತಿರಕ್ಕೆ ಹೋದರೆ ತೊಟ್ಟಿಲು ಬೆನ್ನ ಮೇಲೆ ತೂಗಾಡಿ ವಯಸ್ಸಾದವರ ತೋಲ ತಪ್ಪಿಸುತ್ತದೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ 15 ಹರ್ಟ್ಸ್ ಸರಿಯಾದ ಜಾಗ. 2.2 ಕಿಲೋ ತೂಕಕ್ಕೆ ಒಟ್ಟು ಬಿಗಿತ ಮಿ.ಮೀ.ಗೆ ಸುಮಾರು 20 ನ್ಯೂಟನ್ ಬೇಕಾಗುತ್ತದೆ, ಯಂತ್ರವನ್ನು ಹೊರುವ ನಾಲ್ಕು ರಬ್ಬರ್ ಆಧಾರ, ಅಂದರೆ ಮೌಂಟ್‌ಗಳಿದ್ದರೆ ತಲಾ 5 ನ್ಯೂಟನ್. ಸುಮ್ಮನೆ ಕೂತಾಗ ಯಂತ್ರ ಬರೀ 1 ಮಿ.ಮೀ. ಚಿಲ್ಲರೆ ಇಳಿಯುತ್ತದೆ. ಕಂಬಕ್ಕೆ ಬಡಿದಾಗ ಸುಮಾರು 13 ಮಿ.ಮೀ. ಓಡುತ್ತದೆ. ಆದ್ದರಿಂದ ಸುತ್ತ 18 ಮಿ.ಮೀ. ತೆರವು ಬಿಟ್ಟು, ಅದರಾಚೆ ಮೆತ್ತನೆಯ ಬಂಪ್ ಸ್ಟಾಪ್ (ಯಂತ್ರದ ಓಟ ಮುಗಿಸುವ ತಡೆ) ಇಡಿ.

ಇಷ್ಟು ಮೆತ್ತನೆಯ ಮೌಂಟನ್ನು ರಬ್ಬರನ್ನು ಅಮುಕಿ ಪಡೆಯಲು ಹೋಗಬೇಡಿ. ರಬ್ಬರಿನ ಗಾತ್ರ ಕುಗ್ಗುವುದಿಲ್ಲ. ಅಮುಕಿದರೆ ಪಕ್ಕಕ್ಕೆ ಉಬ್ಬುತ್ತದೆ, ಉಬ್ಬಲು ಜಾಗವಿಲ್ಲದಿದ್ದರೆ ಕಲ್ಲಿನಂತಾಗುತ್ತದೆ. ಅದನ್ನು ಅಡ್ಡಕ್ಕೆ ಜಾರಿಸಿ ಬಳಸಿ, ನಾವು ಶಿಯರ್ ಎನ್ನುತ್ತೇವೆ. ಎರಡೂ ತುದಿಗೆ ಸ್ಟಡ್ (ಬೋಲ್ಟಿನಂಥ ಕಡ್ಡಿ) ಇರುವ, ಉರುಳೆಯಾಕಾರದ ರಬ್ಬರಿನ ಬಾಬಿನ್ ಮೌಂಟ್‌ಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಶೋರ್ ಎ ಎಂಬ ರಬ್ಬರಿನ ಅಳತೆಯಲ್ಲಿ 40–45 ಗಟ್ಟಿತನದ, 16 ಮಿ.ಮೀ. ವ್ಯಾಸದ, 20 ಮಿ.ಮೀ. ಉದ್ದದ ಬಾಬಿನ್ ಶಿಯರಿನಲ್ಲಿ ಹೆಚ್ಚು ಕಡಿಮೆ 5 ನ್ಯೂಟನ್ ಬಿಗಿತವನ್ನೇ ಕೊಡುತ್ತದೆ. ಯಂತ್ರವನ್ನು ಒಂದು ಒಳಚೌಕಟ್ಟಿನಲ್ಲಿ ಕೂರಿಸಿ, ಆ ಚೌಕಟ್ಟಿನ ಎಡ-ಬಲ ಗೋಡೆಗಳಿಗೂ ಹೊರಗಿನ ತೊಟ್ಟಿಲಿಗೂ ನಡುವೆ ಎರಡೆರಡು ಬಾಬಿನ್‌ಗಳನ್ನು ಅಡ್ಡಡ್ಡ ಮಲಗಿಸಿ ಹಾಕಿ. ಆಗ ಮೇಲೆ-ಕೆಳಗಿನ ಪೆಟ್ಟು, ಹಿಂದೆ-ಮುಂದಿನ ಪೆಟ್ಟು ಎರಡೂ ಶಿಯರಿನಲ್ಲೇ ಬರುತ್ತವೆ. ಎಡ-ಬಲದ ದಿಕ್ಕು ಮಾತ್ರ ಮೂರು ಪಟ್ಟು ಬಿಗಿಯಾಗಿ ಉಳಿಯುತ್ತದೆ.

ಬಾಬಿನ್‌ಗಳ ನಡುವೆ ಯಂತ್ರದ ಗುರುತ್ವ ಕೇಂದ್ರ ಬರುವಂತೆ ನೋಡಿಕೊಳ್ಳಿ. ಬ್ಯಾಟರಿ ತಳದಲ್ಲಿರುವುದರಿಂದ ಅದು ಪೆಟ್ಟಿಗೆಯ ನಡುವಿನಲ್ಲಿ ಇರುವುದಿಲ್ಲ. ಯಂತ್ರವನ್ನು ದಾರದಿಂದ ಎರಡು ಬೇರೆ ಬೇರೆ ಮೂಲೆಗಳಿಂದ ತೂಗುಬಿಟ್ಟು, ಪ್ರತಿ ಸಲವೂ ಗಾರೆಯವರ ತೂಗುಗುಂಡಿನ ಗೆರೆ ಎಳೆದರೆ, ಗೆರೆಗಳು ಕೂಡಿದ ಜಾಗವೇ ಕೇಂದ್ರ. ಇದನ್ನು ತಪ್ಪಿಸಿದರೆ ನೇರ ಪೆಟ್ಟೂ ತಿರುಚಾಟವಾಗಿ ಬದಲಾಗುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಸೊಂಟದೆತ್ತರದಿಂದ, ಅಂದರೆ 90 ಸೆಂ.ಮೀ.ನಿಂದ ಯಂತ್ರ ನೆಲಕ್ಕೆ ಬಿದ್ದರೆ 15 ಮಿ.ಮೀ. ಓಟದ ಯಾವ ಮೌಂಟೂ ಅದನ್ನು ಉಳಿಸುವುದಿಲ್ಲ. ಸರಾಸರಿಯೇ 60 ಜಿ, ಗರಿಷ್ಠ ಅದರ ಎರಡು ಪಟ್ಟು. ಬೀಳುವುದನ್ನು ತಡೆಯುವ ಕೆಲಸ ಹೆಗಲ ಪಟ್ಟಿ ಮತ್ತು ಎದೆಪಟ್ಟಿಯ ಬಕಲ್‌ಗಳದು. ಅಲ್ಲಿ ಜಿಪುಣತನ ಬೇಡ.

ಆಸ್ಪತ್ರೆ ಉಪಕರಣ ತಂತ್ರಜ್ಞ (ಹುಬ್ಬಳ್ಳಿ) ಉತ್ತರಿಸಿದ್ದಾರೆ:

ಮೇಷ್ಟ್ರ ಲೆಕ್ಕಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಚೌಕಟ್ಟು ಕಟ್ಟುವ ಮೊದಲು ಯಂತ್ರದೊಳಗೆ ನಿಂತದ್ದು ಯಾವುದು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಈ ಯಂತ್ರದಲ್ಲಿ ಒಂದು ಸಣ್ಣ ಕಂಪ್ರೆಸರ್ ಕೋಣೆಯ ಗಾಳಿಯನ್ನು ಜಿಯೋಲೈಟ್ ಹರಳು ತುಂಬಿದ ಕೊಳವೆಗಳಿಗೆ ಒತ್ತುತ್ತದೆ. ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತವೆ, ಒತ್ತಡ ಇಳಿದಾಗ ಸಾರಜನಕವನ್ನು ಹೊರಗೆ ಕಕ್ಕುತ್ತವೆ. ಪೆಟ್ಟುಗಳಿಂದ ಹರಳುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗುವುದು ನಿಜ, ಆದರೆ ಅದರ ಫಲ ನಿಧಾನವಾಗಿ ಕಾಣುತ್ತದೆ. ಆಮ್ಲಜನಕದ ಪ್ರಮಾಣ ದಿನದಿಂದ ದಿನಕ್ಕೆ ಇಳಿದು, ಕೊನೆಗೆ ಶುದ್ಧತೆ ಕಡಿಮೆ ಎಂಬ ಎಚ್ಚರಿಕೆ ಬರುತ್ತದೆ. ಒಂದೇ ಪೆಟ್ಟು ಬಿದ್ದು ಪೂರ್ತಿ ನಿಂತು, ನಾಲ್ಕು ನಿಮಿಷದಲ್ಲಿ ಮತ್ತೆ ಹೊರಟಿದೆ ಎಂದರೆ ನನ್ನ ಅನುಮಾನ ಬ್ಯಾಟರಿಯ ಸಂಪರ್ಕದ ಮೇಲೆ. ಬ್ಯಾಟರಿ ತಳದಿಂದ ಜಾರಿಸಿ ಕೂರಿಸುವ ಯಂತ್ರಗಳಲ್ಲಿ, ಕೊಂಡಿ ಸವೆದು ಅರ್ಧ ಮಿ.ಮೀ. ಸಡಿಲಾದರೂ ಸಾಕು, ಪೆಟ್ಟು ಬಿದ್ದ ಕ್ಷಣ ತುದಿಗಳು ಬಿಟ್ಟುಕೊಳ್ಳುತ್ತವೆ. ಬ್ಯಾಟರಿ ತೆಗೆದು, ಲೋಹದ ತುದಿಗಳ ಮೇಲೆ ಕಪ್ಪು ಚುಕ್ಕೆ ಇದೆಯೇ ನೋಡಿ. ಇದ್ದರೆ ಅಲ್ಲಿ ಕಿಡಿ ಹಾರಿದೆ ಎಂದರ್ಥ. ಅದನ್ನು ಉಜ್ಜಿ ಸರಿಪಡಿಸಲು ಹೋಗದೆ ಅಧಿಕೃತ ದುರಸ್ತಿಗೆ ಕೊಡಿ, ಯಂತ್ರದ ಪೆಟ್ಟಿಗೆಗೆ ಒಂದೇ ಒಂದು ತೂತನ್ನೂ ಕೊರೆಯಬೇಡಿ. ಒಳಚೌಕಟ್ಟಿನ ತಳದಲ್ಲಿ ಬ್ಯಾಟರಿಯನ್ನು ಮೇಲಕ್ಕೆ ಒತ್ತಿ ಹಿಡಿಯುವ ಒಂದು ಮೆತ್ತೆ ಇಟ್ಟರೆ ಯಂತ್ರ, ಬ್ಯಾಟರಿ ಎರಡೂ ಒಂದೇ ತುಂಡಿನಂತೆ ಅಲುಗುತ್ತವೆ. ಅಷ್ಟರಿಂದಲೇ ಅರ್ಧ ತೊಂದರೆ ಹೋಗಬಹುದು.

ಗಾಳಿಯ ಕಿಂಡಿಗಳನ್ನು ಮುಚ್ಚಬೇಡಿ. ಬಹಳ ಜನ ಸುತ್ತಲೂ ಸ್ಪಂಜು ತುಂಬಿಬಿಡುತ್ತಾರೆ. ಈ ಯಂತ್ರಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 40 ಡಿಗ್ರಿವರೆಗೆ ಬಳಸಬಹುದು ಎಂದಿರುತ್ತದೆ. ನಮ್ಮ ಬೇಸಿಗೆಯೇ ಆ ಗಡಿಗೆ ಬಂದು ನಿಲ್ಲುವಾಗ ಕಿಂಡಿ ಮುಚ್ಚಿದ ಯಂತ್ರ ಅದನ್ನು ದಾಟುವುದು ಎಷ್ಟು ಹೊತ್ತು? ಅಲ್ಲದೆ ಮೂಗಿನ ನಳಿಕೆ ಬ್ಯಾಗಿನೊಳಗೆ ಕಳಚಿಕೊಂಡರೆ ಸ್ಪಂಜು, ಬಟ್ಟೆ ಆಮ್ಲಜನಕ ಕುಡಿದು ಕುಳಿತಿರುತ್ತವೆ, ಒಂದು ಬೀಡಿಯ ಕಿಡಿ ಸಾಕು. ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಬಳಸಿದ ಮುಲಾಮುಗಳನ್ನು ನಳಿಕೆಯ ಹತ್ತಿರ ತರಬೇಡಿ. ಬೆನ್ನಿಗೆ ಹಚ್ಚುವ ನೋವಿನ ಎಣ್ಣೆ ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ ಎಂಬುದೂ ನೆನಪಿರಲಿ. ಬಿಸಿಲಿನ ಶಾಖವನ್ನು ನೈಸರ್ಗಿಕ ರಬ್ಬರ್ ತಾಳಿಕೊಳ್ಳುತ್ತದೆ, ಅದನ್ನು ಬಿರುಕು ಬಿಡಿಸುವುದು ನೇರ ಬಿಸಿಲು ಮತ್ತು ಓಜೋನ್. ಸಿಲಿಕೋನ್ ಶಾಖಕ್ಕೆ ಇನ್ನೂ ಗಟ್ಟಿ, ಆದರೆ ಬೇಗ ಹರಿದುಹೋಗುತ್ತದೆ.

ಕೊನೆಯದಾಗಿ, ಎಷ್ಟೇ ಒಳ್ಳೆಯ ಚೌಕಟ್ಟು ಮಾಡಿದರೂ ತಂದೆಯವರು ಹೊರಗೆ ಹೋಗುವಾಗ ಬದಲಿ ಬ್ಯಾಟರಿ ಜೊತೆಗಿರಲಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ. ಯಂತ್ರ ನಿಂತರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಶೀತಲಗೃಹದ ಸುರಕ್ಷತಾ ಸಿಬ್ಬಂದಿ (ಬ್ಯಾಡಗಿ) ಉತ್ತರಿಸಿದ್ದಾರೆ:

ನನ್ನ ಅನುಭವ ಬೇರೆ ಉಪಕರಣದ್ದು, ಆದರೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಮೆಣಸಿನಕಾಯಿ ಇಡುವ ಶೀತಲಗೃಹದಲ್ಲಿ ಅಮೋನಿಯಾ ಸೋರಿದರೆ ಒಳಗೆ ಹೋಗಲು ನಾವು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತೇವೆ. 6.8 ಲೀಟರಿನ ಕಾರ್ಬನ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ, ಬಿಡಿಸಿದರೆ ಹೆಚ್ಚು ಕಡಿಮೆ 2,000 ಲೀಟರ್. ಒತ್ತಡ 55 ಬಾರ್ ಹತ್ತಿರ ಇಳಿದಾಗ ಸೀಟಿ ಕೂಗುತ್ತದೆ, ಆಗ ಕೈಯಲ್ಲಿರುವ ಕೆಲಸ ಬಿಟ್ಟು ಹೊರಗೆ ಬರಬೇಕು.

ಸಿಲಿಂಡರ್ ಕೂರಿಸುವ ಬೆನ್ನಹಲಗೆಯನ್ನು ಸ್ವಚ್ಛ ಮಾಡುವಾಗಲೆಲ್ಲ ನಾನು ಒಂದನ್ನು ಗಮನಿಸಿದ್ದೇನೆ. ಸಿಲಿಂಡರಿನ ಭಾರವನ್ನು ಹೊರುವುದು ನಡುವಿನ ಅಗಲ ಪಟ್ಟಿ. ಕುತ್ತಿಗೆಯ ವಾಲ್ವ್ ಮೇಲೆ ಭಾರ ಬೀಳದಂತೆ ಅದನ್ನು ಮಾಡಿರುತ್ತಾರೆ. ತಮ್ಮ ತೊಟ್ಟಿಲಿನಲ್ಲೂ ನಳಿಕೆ ಸಿಕ್ಕಿಸುವ ಬಾಯಿಯ ಮೇಲೆ ಯಾವ ಎಳೆತವೂ ಬರಬಾರದು. ಯಂತ್ರ 18 ಮಿ.ಮೀ. ಓಡಾಡುತ್ತದೆ ಎಂದಾದರೆ ನಳಿಕೆಗೆ ಅದಕ್ಕಿಂತ ಹೆಚ್ಚು ಸಡಿಲು ಬಿಟ್ಟು, ಒಂದು ಸುತ್ತು ಹಾಕಿ, ಆಮೇಲೆ ಹೊರಚೌಕಟ್ಟಿಗೆ ಕ್ಲಿಪ್ ಮಾಡಿ. ಸಡಿಲು ಬಿಡದೆ ಕ್ಲಿಪ್ ಹಾಕಿದರೆ ಪ್ರತಿ ತಗ್ಗಿಗೂ ನಳಿಕೆಯೇ ಮೌಂಟ್ ಆಗುತ್ತದೆ.

ನಮ್ಮ ವಾಹನದ ಗೋಡೆಯಲ್ಲಿ ಸಿಲಿಂಡರ್ ನಿಲ್ಲಿಸುವ ಬ್ರಾಕೆಟ್ ಇತ್ತು. ಅದರ ರಬ್ಬರ್ ಪಟ್ಟಿ ಬಿದ್ದುಹೋದದ್ದನ್ನು ಯಾರೂ ನೋಡಲಿಲ್ಲ. ಮೋಟೆಬೆನ್ನೂರಿಗೂ ಹಾವೇರಿಗೂ ಓಡಾಡಿದ ಕೆಲವೇ ತಿಂಗಳಲ್ಲಿ ತಗಡಿನ ಅಂಚು ಸಿಲಿಂಡರಿನ ಮೈಯನ್ನು ಸವೆಸಿ, ಕಾರ್ಬನ್ ನೂಲು ಎದ್ದು ಕಾಣತೊಡಗಿತು. ನೂಲು ಕತ್ತರಿಸಿದ ಸಿಲಿಂಡರನ್ನು ಬಳಸುವಂತಿಲ್ಲ, ಅದನ್ನು ಬದಿಗಿಡಬೇಕಾಯಿತು. ಪೆಟ್ಟು ಕಣ್ಣಿಗೆ ಬೀಳುತ್ತದೆ, ಉಜ್ಜಾಟ ಬೀಳುವುದಿಲ್ಲ. ತಮ್ಮ ಯಂತ್ರ ಒಳಚೌಕಟ್ಟಿಗೆ ತಾಗುವ ಕಡೆಯೆಲ್ಲ ತಗಡಿನ ಅಂಚು ಮಡಚಿ, ನಿಯೋಪ್ರೀನ್ ರಬ್ಬರ್ ಹಾಳೆ ಅಂಟಿಸಿ. ಬಾಬಿನ್‌ಗಳಿಗೆ ನೈಲಾಕ್ ನಟ್ (ಸಡಿಲಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್) ಹಾಕಿ, ನಟ್ಟಿನಿಂದ ಸ್ಟಡ್ಡಿಗೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಇನ್ನೊಂದು. ಉಸಿರಿನ ಸಾಧನವನ್ನು ಒಂದೇ ಕೈಯಲ್ಲಿ, ನೋಡದೆ, ಬಿಚ್ಚುವಂತಿರಬೇಕು. ಎಚ್ಚರಿಕೆಯ ಸದ್ದು ತಂದೆಯವರ ಕಿವಿಗೆ ಬಸ್ಸಿನ ಗದ್ದಲದಲ್ಲೂ ಕೇಳಬೇಕು. ಚೌಕಟ್ಟಿನ ತಗಡು ಆ ಸ್ಪೀಕರಿನ ಎದುರಿಗೆ ಬಂದಿಲ್ಲವಷ್ಟೇ? ದಯವಿಟ್ಟು ನೋಡಿ.

ತಾರಿಹಾಳ ಫಿಟ್ಟರ್ (ಹುಬ್ಬಳ್ಳಿ) ಮೂರು ವಾರಗಳ ನಂತರ:

ತಮ್ಮೆಲ್ಲರಿಗೂ ಮೊದಲು ಕೈಮುಗಿಯುತ್ತೇನೆ. ತಂತ್ರಜ್ಞರು ಹೇಳಿದಂತೆ ಬ್ಯಾಟರಿ ತೆಗೆದು ನೋಡಿದಾಗ ಐದು ತುದಿಗಳಲ್ಲಿ ಎರಡರ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಇತ್ತು. ದುರಸ್ತಿಗೆ ಕೊಟ್ಟೆವು, ಬ್ಯಾಟರಿಯ ಕೊಂಡಿಯನ್ನು ಬದಲಿಸಿ ಕೊಟ್ಟರು. ಶುದ್ಧತೆ ಅಳೆದಾಗ 93 ಪ್ರತಿಶತ ಬಂತು, ಹರಳುಗಳು ಚೆನ್ನಾಗಿವೆ ಎಂದರು.

ತೊಟ್ಟಿಲನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆ. ಗುರುತ್ವ ಕೇಂದ್ರ ಪೆಟ್ಟಿಗೆಯ ನಡುವಿಗಿಂತ 22 ಮಿ.ಮೀ. ಕೆಳಗಿತ್ತು. ಬಾಬಿನ್‌ಗಳ ಸ್ಥಾನವನ್ನು ಅಷ್ಟು ಇಳಿಸಿದೆ. ಮೊದಲ ಪರೀಕ್ಷೆಯನ್ನು ತಂದೆಯವರ ಯಂತ್ರದ ಮೇಲೆ ಮಾಡಲು ಧೈರ್ಯವಾಗಲಿಲ್ಲ. ಅದೇ ಅಳತೆಯ ಮರದ ಡಬ್ಬಿಗೆ ತೂಕ ಸರಿಹೊಂದುವಷ್ಟು ಜೋಳ ತುಂಬಿ, ತಳದಲ್ಲಿ ಕಬ್ಬಿಣದ ಪಟ್ಟಿ ಇಟ್ಟು ನಾನೇ ಹೊತ್ತುಕೊಂಡು ಹತ್ತು ದಿನ ಓಡಾಡಿದೆ. ಡಬ್ಬಿ ಎಷ್ಟು ಓಡಾಡುತ್ತದೆ ಎಂದು ತಿಳಿಯಲು ಬಂಪ್ ಸ್ಟಾಪ್‌ಗಳ ಮೇಲೆ ಹಸಿ ಕುಂಕುಮ ಹಚ್ಚಿದ್ದೆ. ಡಬ್ಬಿ ತಾಗಿದರೆ ಅದರ ಮೈಮೇಲೆ ಕೆಂಪು ಗುರುತು ಮೂಡಬೇಕು. ನಡಿಗೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಸ್ಕೂಟರಿನಲ್ಲಾಗಲಿ ಹಿಂದು-ಮುಂದೆ, ಮೇಲೆ-ಕೆಳಗೆ ಎಲ್ಲೂ ಗುರುತಿಲ್ಲ. ಬೇಕೆಂದೇ ನಡಿಗೆಯ ವೇಗದಲ್ಲಿ ಕಂಬಕ್ಕೆ ಬೆನ್ನು ಬಡಿದು ನೋಡಿದಾಗ ಮಾತ್ರ ಹಿಂದಿನ ಸ್ಟಾಪ್‌ನಲ್ಲಿ ತೆಳ್ಳಗೆ ಒಂದು ಗುರುತು ಬಂತು.

ನಾಲ್ಕು ದಿನದಿಂದ ತಂದೆಯವರು ನಿಜವಾದ ಯಂತ್ರವನ್ನೇ ಹೊರುತ್ತಿದ್ದಾರೆ. ಎಚ್ಚರಿಕೆ ಒಮ್ಮೆಯೂ ಬಂದಿಲ್ಲ. ಸ್ಪೀಕರ್ ಎದುರಿನ ತಗಡನ್ನು ಕತ್ತರಿಸಿದ್ದೇನೆ, ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಒಂದು ಸಂದೇಹ ಉಳಿದಿದೆ. ಬಾಗಿಲಲ್ಲಿ ಪಕ್ಕಕ್ಕೆ ಸರಿದು ಇಳಿಯುವಾಗ ಎಡಬದಿಯಿಂದ ಬಡಿದರೆ ಯಂತ್ರ ಗಟ್ಟಿಯಾಗಿ ಅಲುಗಿದಂತೆ ಕೈಗೆ ಗೊತ್ತಾಗುತ್ತದೆ. ಇದಕ್ಕೇನು ಮಾಡಲಿ?

ಕಂಪನದ ಮೇಷ್ಟ್ರು (ಧಾರವಾಡ) ಉತ್ತರಿಸಿದ್ದಾರೆ:

ಕುಂಕುಮದ ಗುರುತನ್ನು ಓದಿ ಬಹಳ ಸಂತೋಷವಾಯಿತು. ದುಬಾರಿ ಮಾಪಕ ಹೇಳುವುದನ್ನೇ ಅದು ಹೇಳಿದೆ.

ಎಡ-ಬಲದಲ್ಲಿ ಬಾಬಿನ್ ಉದ್ದಕ್ಕೆ ಅಮುಕುವುದರಿಂದ ಅಲ್ಲಿ ಸಹಜ ಆವೃತ್ತಿ ಸುಮಾರು 26 ಹರ್ಟ್ಸ್ ಆಗುತ್ತದೆ, ಪೆಟ್ಟು ಹೆಚ್ಚು ಕಡಿಮೆ ಹಾಗೆಯೇ ದಾಟುತ್ತದೆ. ಬಾಬಿನ್‌ಗಳನ್ನು ಮತ್ತೆ ಮುಟ್ಟಬೇಡಿ, ಈಗ ಸರಿಯಾಗಿರುವ ಎರಡು ದಿಕ್ಕುಗಳು ಕೆಡುತ್ತವೆ. ಹೊರಚೌಕಟ್ಟಿನ ಎಡ-ಬಲ ಮೈಗೆ, ಹೊರಗಡೆಯಿಂದ, 15 ಮಿ.ಮೀ. ದಪ್ಪದ ಮುಚ್ಚುಗುಳ್ಳೆಯ (ಕ್ಲೋಸ್ಡ್ ಸೆಲ್) ಫೋಮ್ ಅಂಟಿಸಿ ಮೇಲೆ ಕ್ಯಾನ್ವಾಸ್ ಹೊಲಿಸಿ. ಯಂತ್ರ ನಿಲ್ಲಲು ಬೇಕಾದ ದೂರವನ್ನು ಆ ದಿಕ್ಕಿನಲ್ಲಿ ಹೊರಗಿನಿಂದ ಕೊಟ್ಟಂತಾಗುತ್ತದೆ. ಕಿಂಡಿಗಳಿರುವ ಜಾಗ ಬಿಟ್ಟು ಅಂಟಿಸಿ, ಆಮೇಲೆ ಅದೇ ಜೋಳದ ಡಬ್ಬಿಯನ್ನಿಟ್ಟು ಪಕ್ಕದಿಂದ ಬಡಿದು ನೋಡಿ ಬರೆಯಿರಿ.